ವಿಮಾನಕ್ಕೆ ನೆರಳು

ಹುಣಸೂರಿನ ಆಚೆ, ಲಕ್ಷ್ಮಣತೀರ್ಥ ನದಿಗೆ ಅಣೆ ಕಟ್ಟಿರುವ ಹನಗೋಡಿನ ಸುತ್ತಿನ ಹಳ್ಳಿಗಳಲ್ಲಿ, ಎತ್ತಿನ ಗಾಡಿಯೇ ಮನೆಯ ಮುಖ್ಯ ವಾಹನವಾಗಿದ್ದ ಕಾಲವೊಂದಿತ್ತು. ಹೊಲದಿಂದಲೋ ಸಂತೆಯಿಂದಲೋ ಹಿಂತಿರುಗಿದ ರೈತನು ಮೊದಲು ಎತ್ತುಗಳನ್ನು ನೊಗದಿಂದ ಬಿಡಿಸುವನು. ಅನಂತರ ಗಾಡಿಯನ್ನು ಮರದಡಿಗೋ ಚಪ್ಪರದಡಿಗೋ ತಳ್ಳುವನು. ದುಡಿದ ಎತ್ತಿಗೆ ನೆರಳು ಬೇಕೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಜೀವವಿಲ್ಲದ ಗಾಡಿಗೇಕೆ ನೆರಳು? ಈ ಪ್ರಶ್ನೆಯನ್ನು ಆ ರೈತನು ಕೇಳಿಕೊಂಡವನಲ್ಲ; ಉತ್ತರವು ಅವನ ಕೈಗೆ ಗೊತ್ತಿತ್ತು. ಬೇಸಗೆಯ ಬಿಸಿಲಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಚಕ್ರದಲ್ಲಿ ಮರವು ಒಣಗಿ ಕುಗ್ಗುತ್ತದೆ; ಅದೇ ಬಿಸಿಲಿಗೆ ಕಾದ ಕಬ್ಬಿಣದ ಪಟ್ಟಿಯು ಹಿಗ್ಗುತ್ತದೆ. ಒಂದು ಕುಗ್ಗಿ ಮತ್ತೊಂದು ಹಿಗ್ಗಿದ ಮೇಲೆ ಪಟ್ಟಿಯು ಸಡಿಲವಾಗುವುದು, ಗುಂಬದಲ್ಲಿ ಅರಗಳು ಅಲುಗಾಡುವುವು. ಅಂಥ ಚಕ್ರವನ್ನು ಹೊಳೆಯ ನೀರಿನಲ್ಲಿ ನಿಲ್ಲಿಸಿ, ಮರವನ್ನು ಉಬ್ಬಿಸಿ, ಮತ್ತೆ ಬಿಗಿಮಾಡಿಕೊಳ್ಳುವುದೂ ಉಂಟು. ಆದರೆ ನೆನೆಯುವುದು ಒಣಗುವುದು ಎಂಬ ಈ ಆಟ ಹೆಚ್ಚಾದಷ್ಟೂ ಮರದ ಆಯುಸ್ಸು ಕಡಮೆಯಾಗುತ್ತದೆ.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ ನಮ್ಮ ದೇವಸ್ಥಾನಗಳ ಮುಂದೆ ಇದೆ. ತೇರು ವರ್ಷಕ್ಕೊಂದು ದಿನ ಹರಿಯುವ ವಾಹನ. ಉಳಿದ ದಿನಗಳೆಲ್ಲ ಅದು ನಿಂತೇ ಇರುತ್ತದೆ. ಅದಕ್ಕೆ ಸೋಗೆಯನ್ನೋ ತಗಡನ್ನೋ ಹೊದಿಸಿ, ಶಕ್ತಿಯಿದ್ದ ಊರಿನವರು ಎತ್ತರವಾದ ತೇರಿನ ಮನೆಯನ್ನೇ ಕಟ್ಟಿಸಿ ಕಾಪಾಡುತ್ತಾರೆ. ಓಡುವ ದಿನದ ಸವೆತಕ್ಕಿಂತ ನಿಂತ ದಿನಗಳ ಸವೆತವೇ ದೊಡ್ಡದೆಂಬುದನ್ನು ತೇರು ಕಟ್ಟಿದ ಬಡಗಿಯು ಬಲ್ಲನು.

ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನು ಕಟ್ಟಿದ ಹೊಸ ತೇರಾದ ವಿಮಾನಕ್ಕೂ ಈ ಮಾತು ಸಲ್ಲುತ್ತದೆ. ವಿಮಾನವೆಂದೊಡನೆ ನಮ್ಮ ಮನಸ್ಸು ಆಕಾಶಕ್ಕೆ ಹೋಗುವುದು ಸಹಜವೇ. ಆದರೆ ಸೈನ್ಯದ ವಿಮಾನವಾಗಲಿ ಶಿಕ್ಷಣದ ವಿಮಾನವಾಗಲಿ ತನ್ನ ಜೀವಮಾನದ ಹೆಚ್ಚಿನ ಗಂಟೆಗಳನ್ನು ನೆಲದ ಮೇಲೆಯೇ ಕಳೆಯುತ್ತದೆ. ಆ ನಿಂತ ಗಂಟೆಗಳಲ್ಲಿ ಬಿಸಿಲು ಅದಕ್ಕೆ ಏನು ಮಾಡಿತು, ಆ ಬಿಸಿಲಿನಿಂದ ಅದನ್ನು ಕಾಪಾಡಲು ಜನರು ಏನು ಮಾಡಿದರು, ಒಮ್ಮೆ ನಮ್ಮ ಮೈಸೂರು ಸಂಸ್ಥಾನದ ನೆಲದಿಂದ ಹೊರಟ ವಿಮಾನಗಳ ವಿಷಯದಲ್ಲಿ ಬಿಸಿಲಿನ ಮೇಲೆ ಹೊರಿಸಿದ ದೋಷವು ಎಷ್ಟರಮಟ್ಟಿಗೆ ನಿಜವಾಗಿತ್ತು, ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ವಿಮಾನವನ್ನು ನಿಲ್ಲಿಸುವ ಮನೆಗೆ ಹ್ಯಾಂಗರ್ ಎಂದು ಹೆಸರು. ಇದು ಫ್ರೆಂಚರ ಮಾತು. ವಿಮಾನಗಳು ಹುಟ್ಟುವುದಕ್ಕೆ ಬಹುಕಾಲ ಮೊದಲು ಆ ದೇಶದಲ್ಲಿ ಬಂಡಿಗಳನ್ನೂ ಬೇಸಾಯದ ಸಲಕರಣೆಗಳನ್ನೂ ಇಡುವ ಸೂರಿಗೆ ಈ ಹೆಸರಿತ್ತು. ಎಂದರೆ ಹನಗೋಡಿನ ಗಾಡಿಯ ಚಪ್ಪರಕ್ಕೂ ದೊಡ್ಡ ವಿಮಾನಶಾಲೆಗಳಿಗೂ ಅರ್ಥದಲ್ಲಿ ಬಳಗವುಂಟು. ಮೊದಲ ವಿಮಾನಗಳಾದರೂ ಬಂಡಿಗಳ ಬಳಗಕ್ಕೇ ಸೇರಿದುವು: ಮರದ ಪಂಜರ, ಅದರ ಮೇಲೆ ನಾರುಬಟ್ಟೆ, ಬಟ್ಟೆಯನ್ನು ಬಿಗಿಮಾಡಲು ಬಳಿದ ಸೆಲ್ಯುಲೋಸ್ ಅರಗು. ಈ ಬಟ್ಟೆಯ ದೊಡ್ಡ ಶತ್ರು ಸೂರ್ಯಕಿರಣದಲ್ಲಿ ಕಣ್ಣಿಗೆ ಕಾಣದ ನೇರಿಳೆಯಾಚೆಯ ಭಾಗ. ಅದು ಬಿದ್ದಲ್ಲಿ ನೂಲು ತನ್ನ ಕಸುವನ್ನು ಕಳೆದುಕೊಂಡು, ನೋಡಲು ಗಟ್ಟಿಯಾಗಿದ್ದಂತೆಯೇ ಬೆರಳಿಗೆ ಹರಿಯುತ್ತದೆ.

೧೯೧೪ರಲ್ಲಿ ಆರಂಭವಾದ ಮೊದಲ ಮಹಾಯುದ್ಧದಲ್ಲಿ ಮರದ ಚೌಕಟ್ಟಿನ ಮೇಲೆ ಕ್ಯಾನ್‌ವಾಸು ಹೊದಿಸಿದ ಬೆಸೊನೊ ಎಂಬ ಡೇರೆಗಳು ಸೈನ್ಯದೊಡನೆ ಸಂಚಾರ ಮಾಡಿದುವು. ಡೇರೆಯ ನೆರಳು ಸಾಲದ ಕಡೆ ಬಣ್ಣವನ್ನೇ ನೆರಳಾಗಿ ಮಾಡಿಕೊಂಡರು. ಇಂಗ್ಲೆಂಡಿನ ಫಾರ್ನ್‌ಬರೋವಿನಲ್ಲಿ ಸಿದ್ಧವಾದ ಪಿ.ಸಿ. ೧೦ ಎಂಬ ಲೇಪದಲ್ಲಿ ಕಾವಿಮಣ್ಣಿನ ಜಾತಿಯ ಬಣ್ಣವೂ ಸ್ವಲ್ಪ ಮಸಿಯೂ ಸೇರಿದ್ದುವು. ಬೆಳಕು ಬಟ್ಟೆಯನ್ನು ಮುಟ್ಟದಂತೆ ತಡೆಯುವುದೇ ಅದರ ಕೆಲಸ. ಈಜಿಪ್ಟ್, ಮೆಸೊಪೊಟೇಮಿಯಗಳಂಥ ಬಿಸಿಲು ಸೀಮೆಗಳಿಗೆಂದು ಇನ್ನೂ ಕೆಂಪಾದ ಪಿ.ಸಿ. ೧೨ ಬಂದಿತು. ಆ ಕಾಲದ ಚಿತ್ರಗಳಲ್ಲಿ ಕಾಣುವ ಮಣ್ಣುಬಣ್ಣವನ್ನು ನಾವು ಶತ್ರುವಿನ ಕಣ್ಣು ತಪ್ಪಿಸುವ ಉಪಾಯವೆಂದು ತಿಳಿಯುತ್ತೇವೆ. ಸೂರ್ಯನ ಕಣ್ಣು ತಪ್ಪಿಸುವುದೂ ಅದರ ಉದ್ದೇಶವಾಗಿತ್ತು.

ಭರತಖಂಡದಲ್ಲಿ ಆಕಾಶವಾಹನಕ್ಕಾಗಿ ಕಟ್ಟಿದ ಅತಿ ದೊಡ್ಡ ನೆರಳಿನ ಕಥೆ ವಿಚಿತ್ರವಾದುದು. ೧೯೨೦ರ ದಶಕದಲ್ಲಿ ಬ್ರಿಟಿಷ್ ಸರಕಾರವು ಇಂಗ್ಲೆಂಡಿನಿಂದ ಭಾರತಕ್ಕೆ ಅನಿಲ ತುಂಬಿದ ಆಕಾಶನೌಕೆಗಳನ್ನು ಓಡಿಸಲು ಯೋಜಿಸಿತು. ಬಂದ ನೌಕೆಯನ್ನು ಬಿಸಿಲಿನಲ್ಲಿ ಬಿಡುವಂತಿಲ್ಲ. ಬಿಸಿಲಿಗೆ ಅನಿಲವು ಹಿಗ್ಗುವುದು, ಹೊದಿಕೆಯು ಹಾಳಾಗುವುದು. ಆದುದರಿಂದ ಕರಾಚಿಯಲ್ಲಿ ೮೦೦ ಅಡಿಗೂ ಮಿಕ್ಕ ಉದ್ದದ ಉಕ್ಕಿನ ಶಾಲೆಯೊಂದು ಎದ್ದಿತು. ೧೯೩೦ರ ಅಕ್ಟೋಬರ್ ೫ರ ಬೆಳಗಿನ ಜಾವ, ಭಾರತಕ್ಕೆ ಹೊರಟಿದ್ದ ಆರ್-೧೦೧ ಎಂಬ ನೌಕೆ ಫ್ರಾನ್ಸಿನ ಬೋವೆ ಪಟ್ಟಣದ ಹತ್ತಿರ ನೆಲಕ್ಕೆ ಬಡಿದು ಉರಿದುಹೋಯಿತು. ಅದರಲ್ಲಿದ್ದ ೫೪ ಮಂದಿಯಲ್ಲಿ ೪೮ ಮಂದಿ ಸತ್ತರು. ಆಮೇಲೆ ಆ ಯೋಜನೆಯನ್ನೇ ಕೈಬಿಟ್ಟರು. ಕರಾಚಿಯ ಶಾಲೆಯು ತಾನು ಯಾರಿಗಾಗಿ ನಿಂತಿತ್ತೋ ಆ ಅತಿಥಿಯನ್ನು ಕಾಣದೆ ಮೂವತ್ತು ವರ್ಷ ನಿಂತಿದ್ದು, ೧೯೬೧ರಲ್ಲಿ ಕೆಡವಲ್ಪಟ್ಟಿತು.

ಇನ್ನು ನಮ್ಮ ಸಂಸ್ಥಾನಕ್ಕೆ ಬರೋಣ. ವಿಮಾನದ ಕೈಗಾರಿಕೆ ಇಲ್ಲಿ ಬಂದುದು ೧೯೪೦ರಲ್ಲಿ. ಆ ವರ್ಷದ ಡಿಸೆಂಬರ್ ೨೩ರಂದು, ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ಬಂಡವಾಳ ಮತ್ತು ಭೂಮಿಯ ನೆರವಿನಿಂದಲೂ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪಿತವಾಯಿತು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಶಿವನಸಮುದ್ರದ ವಿದ್ಯುಚ್ಛಕ್ತಿ, ಭದ್ರಾವತಿಯ ಉಕ್ಕು, ಟಾಟಾ ವಿಜ್ಞಾನಮಂದಿರದ ವಿದ್ವತ್ತು ಇವುಗಳ ಜೊತೆಗೆ, ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದ ಊರಿನ ಹಿತವಾದ ಹವೆಯೂ ಬೆಂಗಳೂರಿನ ಪರವಾಗಿತ್ತು. ಹವೆ ಹಿತವೆಂದ ಮಾತ್ರಕ್ಕೆ ಬಿಸಿಲು ಮೃದುವೆಂದು ತಿಳಿಯಬಾರದು. ನಮ್ಮ ಸೀಮೆಯಲ್ಲಿ ಸೂರ್ಯನು ವರ್ಷಕ್ಕೆರಡು ಸಲ, ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ತಿಂಗಳ ಮೂರನೆಯ ವಾರದಲ್ಲೊಮ್ಮೆ, ಮಧ್ಯಾಹ್ನಕ್ಕೆ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಎತ್ತರದ ತಿಳಿಗಾಳಿಯಲ್ಲಿ ಆ ಕಿರಣಗಳಿಗೆ ತಡೆಯೂ ಕಡಮೆ.

ಯುದ್ಧವು ಪೂರ್ವದಿಕ್ಕಿಗೆ ಹರಡಿದ ಮೇಲೆ ವಿಮಾನಗಳ ಸಂಖ್ಯೆ ಬೆಳೆದಷ್ಟು ಬೇಗ ಸೂರುಗಳ ಸಂಖ್ಯೆ ಬೆಳೆಯಲಿಲ್ಲ. ಬೆಳೆಯಬಾರದೆಂಬ ಅಭಿಪ್ರಾಯವೂ ಇತ್ತೆಂದರೆ ಆಶ್ಚರ್ಯವಾಗಬಹುದು. ಹತ್ತು ವಿಮಾನಗಳನ್ನು ಒಂದು ಸೂರಿನ ಕೆಳಗೆ ಇಟ್ಟರೆ ಒಂದೇ ಬಾಂಬಿಗೆ ಹತ್ತೂ ಹೋಗುವುವು. ೧೯೪೨ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀಯರ ಬಾಂಬುಗಳು ಬಿದ್ದಿದ್ದುವು. ಆದುದರಿಂದ ಯುದ್ಧಕಾಲದ ವಿಮಾನನಿಲ್ದಾಣಗಳಲ್ಲಿ ವಿಮಾನಗಳನ್ನು ಒಂದಕ್ಕೊಂದು ದೂರ ಚದರಿಸಿ, ಬಯಲಿನಲ್ಲೇ ನಿಲ್ಲಿಸುವುದು ಪದ್ಧತಿಯಾಯಿತು. ಬಾಂಬಿನ ಭಯವು ವಿಮಾನವನ್ನು ನೆರಳಿನಿಂದ ಬಿಸಿಲಿಗೆ ನೂಕಿತು. ಲೋಹದ ವಿಮಾನಗಳು ಇದನ್ನು ಹೇಗೋ ಸಹಿಸಿಕೊಂಡುವು. ಮರದ ವಿಮಾನವೊಂದು ಬಂದಾಗ ಪ್ರಶ್ನೆ ತೀವ್ರವಾಯಿತು.

ಆ ವಿಮಾನದ ಹೆಸರು ಮಸ್ಕಿಟೊ, ಎಂದರೆ ಸೊಳ್ಳೆ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯ ಈ ವಿಮಾನವು ಇಬ್ಬರನ್ನು ಹೊತ್ತು ಎರಡು ಎಂಜಿನ್ನುಗಳ ಬಲದಿಂದ ಹಾರುತ್ತಿತ್ತು. ತನ್ನ ಕಾಲದ ಅತಿ ವೇಗದ ವಿಮಾನಗಳಲ್ಲಿ ಒಂದಾಗಿತ್ತು. ಲೋಹಕ್ಕೆ ಅಭಾವವಿದ್ದ ಕಾಲದಲ್ಲಿ ಪೀಠೋಪಕರಣ ಮಾಡುವ ಬಡಗಿಗಳ ಕೈಯಿಂದಲೇ ಇದನ್ನು ಮಾಡಿಸಬಹುದೆಂಬುದು ಅದರ ದೊಡ್ಡ ಅನುಕೂಲ. ಬರ್ಚ್ ಮರದ ತೆಳುಹಲಗೆಗಳ ಎರಡು ಪದರ, ನಡುವೆ ಬೆಂಡಿನಷ್ಟು ಹಗುರವಾದ ಬಾಲ್ಸಾ ಮರ. ಇವೆಲ್ಲವನ್ನೂ ಹಿಡಿದಿದ್ದುದು ಅಂಟು. ಮೊದಮೊದಲು ಬಳಸಿದುದು ಕೇಸೀನ್ ಎಂಬ, ಹಾಲನ್ನು ಒಡೆದಾಗ ದೊರೆಯುವ ಗಟ್ಟಿಭಾಗದಿಂದ ಮಾಡಿದ ಅಂಟು. ಒಣ ಹವೆಯಲ್ಲಿ ಅದು ಬಲವಾದುದೇ. ತೇವದಲ್ಲಿ ಮೆತ್ತಗಾಗುವುದು, ಬೂಷ್ಟಿಗೂ ಆಹಾರವಾಗುವುದು. ಬರಬರುತ್ತ ರಾಸಾಯನಿಕ ಕ್ರಮದಿಂದ ತಯಾರಾದ ಫಾರ್ಮಾಲ್ಡಿಹೈಡ್ ಅಂಟುಗಳು ಅದರ ಸ್ಥಾನಕ್ಕೆ ಬಂದುವು.

ಇಲ್ಲಿ ಹುಣಸೂರಿನ ಮಾತೊಂದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ಕೊಟ್ಟ ಹೆಸರು ಅಮೃತಮಹಲ್. ಅದೇ ಊರಿನಲ್ಲಿ ಸೈನ್ಯದ ಸರಬರಾಜಿಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ನಾಟಾ ದಾಸ್ತಾನು ಇದ್ದುವು. ೧೮೬೪ರಲ್ಲಿ ಅವು ಮುಚ್ಚಿದರೂ ಕಸಬು ಊರಿನಲ್ಲಿ ಉಳಿಯಿತು. ಕಾಕನಕೋಟೆಯ ಕಾಡಿನ ಮರವನ್ನು ಹದಗೊಳಿಸುವ ಬಡಗಿಯು ಕೊಯ್ದ ಹಲಗೆಗಳ ನಡುವೆ ಗಾಳಿಯಾಡಲು ಸಣ್ಣ ತುಂಡುಗಳನ್ನಿಟ್ಟು ನೆರಳಿನಲ್ಲಿ ಪೇರಿಸುತ್ತಾನೆ. ಬಿಸಿಲಿನಲ್ಲಿ ಆತುರದಿಂದ ಒಣಗಿದ ಹಲಗೆ ಹೊರಗೆ ಕುಗ್ಗಿ, ಒಳಗೆ ಕುಗ್ಗಲಾರದೆ, ಸೀಳು ಬಿಡುವುದೆಂದು ಅವನಿಗೆ ಗೊತ್ತು. ಹಾಲು, ಮರ, ಸೈನ್ಯ ಈ ಮೂರೂ ಕಲೆತಿದ್ದ ಊರಿನವನಿಗೆ ಹಾಲಿನ ಅಂಟಿನಿಂದ ಕೂಡಿಸಿದ ಮರದ ಯುದ್ಧವಿಮಾನವನ್ನು ತೋರಿಸಿದ್ದರೆ, ಅದನ್ನು ಎಲ್ಲಿ ನಿಲ್ಲಿಸುವಿರಿ ಎಂಬುದೇ ಅವನ ಮೊದಲ ಪ್ರಶ್ನೆಯಾಗುತ್ತಿತ್ತೆಂದು ನಮಗೆ ತೋರುತ್ತದೆ.

ಆ ಪ್ರಶ್ನೆ ಅಧಿಕಾರಿಗಳಿಗೂ ಹೊಳೆಯದೆ ಇರಲಿಲ್ಲ. ೧೯೪೩ರಲ್ಲಿಯೇ ಕೆಲವು ಮಸ್ಕಿಟೊಗಳನ್ನು ಭಾರತದ ಹವೆಯಲ್ಲಿ ಪರೀಕ್ಷಿಸಿ ನೋಡಲೆಂದು ಬಂಗಾಳದ ಕಡೆಗೆ ಕಳುಹಿಸಿದ್ದರು. ೧೯೪೪ರ ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಸೇನೆಯ ೪೫ನೆಯ ದಳವು ನಮ್ಮ ಯಲಹಂಕದ ನಿಲ್ದಾಣದಲ್ಲಿ ತನ್ನ ಹಳೆಯ ವೆಂಜೆನ್ಸ್ ವಿಮಾನಗಳನ್ನು ಬಿಟ್ಟು ಮಸ್ಕಿಟೊಗಳನ್ನು ವಹಿಸಿಕೊಂಡಿತು. ಬೇಸಗೆಯ ತಿಂಗಳುಗಳನ್ನು ಇಲ್ಲಿಯ ಅಭ್ಯಾಸದಲ್ಲಿ ಕಳೆದು ಅದು ಪೂರ್ವಕ್ಕೆ ಹೊರಟಿತು. ಆ ಮೇ ತಿಂಗಳಿನಲ್ಲೇ ದಳದ ಮುಖ್ಯಾಧಿಕಾರಿಯು ತನ್ನ ವಿಮಾನವು ಅಭ್ಯಾಸದ ಹಾರಾಟದಲ್ಲಿ ಒಡೆದು ಮಡಿದನು. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಇಂಥ ಅಪಘಾತಗಳು ಮತ್ತೆ ನಡೆದುವು. ರೆಕ್ಕೆಯ ಮೇಲ್ಪದರವು ಅದರ ಅಡಿಯ ತೊಲೆಯಿಂದ ಬಿಟ್ಟುಕೊಂಡುದು ಪರೀಕ್ಷೆಯಲ್ಲಿ ಕಂಡುಬಂದಿತು. ನವೆಂಬರಿನಲ್ಲಿ, ಸರಿಯಾಗಿ ಶೋಧಿಸುವವರೆಗೆ ಮಸ್ಕಿಟೊಗಳು ಹಾರಕೂಡದೆಂದು ಆಜ್ಞೆ ಹೊರಟಿತು. ಆಗ ಯಲಹಂಕದಲ್ಲಿ ಇದೇ ವಿಮಾನಕ್ಕೆ ಬದಲಾಗಲು ಬಂದಿದ್ದ ೮೪ನೆಯ ದಳಕ್ಕೆ ಮಸ್ಕಿಟೊಗಳು ಸೇರಿದುದು ೧೯೪೫ರ ಫೆಬ್ರವರಿಯಲ್ಲಿ.

ದೋಷ ಯಾರದು? ಕಂಪೆನಿಯ ಪರವಾಗಿ ಮೇಜರ್ ಹೆರೆವರ್ಡ್ ಡಿ ಹ್ಯಾವಿಲೆಂಡನು ಭಾರತಕ್ಕೆ ಬಂದು ಪರೀಕ್ಷಿಸಿ, ಡಿಸೆಂಬರಿನ ಆರಂಭದಲ್ಲಿ ವರದಿ ಕೊಟ್ಟನು. ಅಂಟು ಕೆಟ್ಟಿಲ್ಲ, ಇಲ್ಲಿಯ ಮಳೆಗಾಲದ ಹವೆಯಲ್ಲಿ ಮರದ ಅಳತೆ ಬದಲಾಗಿ ಹೀಗಾಯಿತು, ಎಂಬುದು ಅದರ ಸಾರಾಂಶ. ಬಂದವನು ವಿಮಾನವನ್ನು ನಿರ್ಮಿಸಿದವನ ಒಡಹುಟ್ಟಿದವನೆಂಬುದನ್ನು ನೆನಪಿನಲ್ಲಿಡಬೇಕು. ಆದರೆ ಅಷ್ಟರಿಂದಲೇ ಅವನ ಮಾತನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ಅನಂತರ ಇಂಗ್ಲೆಂಡಿನಲ್ಲಿ ವಿಮಾನೋತ್ಪಾದನೆಯ ಸಚಿವಾಲಯವು ಡೆಫರ್ಡಿನಲ್ಲಿ ಮಾಡಿಸಿದ ಶೋಧನೆಯು ಬೇರೆ ಕಥೆಯನ್ನು ಹೇಳಿತು. ಮಳೆಗಾಲವನ್ನಾಗಲಿ ಉಷ್ಣದೇಶವನ್ನಾಗಲಿ ಎಂದೂ ಕಾಣದ ಮಸ್ಕಿಟೊಗಳಲ್ಲಿಯೂ ಅದೇ ಬಗೆಯ ಲೋಪಗಳು ಸಿಕ್ಕಿದುವು. ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡನ್ ಎಂಬ ಎರಡು ಕಾರ್ಖಾನೆಗಳಲ್ಲಿ ಅಂಟು ಹಾಕಿದ ಕೆಲಸವು ಇರಬೇಕಾದ ಮಟ್ಟದಲ್ಲಿರಲಿಲ್ಲವೆಂದು ಶೋಧಕರು ತೀರ್ಮಾನಿಸಿದರು. ಆದರೂ ಇಂಗ್ಲೆಂಡಿನ ವಾಯುಸಚಿವಾಲಯವು ಹೊರಗೆ ಹೇಳಿದುದು ಮೊದಲ ವರದಿಯ ಮಾತನ್ನು: ಕಾರಣ ಬಹುಮಟ್ಟಿಗೆ ಹವೆಯೇ, ಎಂದು. ಯುದ್ಧ ನಡೆಯುತ್ತಿರುವಾಗ ಒಳ್ಳೆಯ ವಿಮಾನವೊಂದರ ಮೇಲೆ ಸೈನಿಕರಿಗಿದ್ದ ನಂಬಿಕೆ ಕೆಡಬಾರದೆಂಬ ಯೋಚನೆ ಅದರ ಹಿಂದಿತ್ತು.

ಈ ಯೋಚನೆಯನ್ನು ಪೂರ್ತಿಯಾಗಿ ಖಂಡಿಸಲು ನಾವು ಸಿದ್ಧರಿಲ್ಲ. ಆದರೆ ಅದರ ಬೆಲೆಯನ್ನು ಕೊಟ್ಟವರು ಯಾರೆಂದು ಕೇಳಬೇಕು. ಕಾರಣವು ಹವೆಯೆಂದ ಮೇಲೆ ಯಾರನ್ನೂ ವಿಚಾರಿಸುವಂತಿಲ್ಲ. ಬಿಸಿಲು ಮಳೆಗಳನ್ನು ಯಾವ ನ್ಯಾಯಸ್ಥಾನಕ್ಕೂ ಕರೆಯಲಾಗದು. ಆ ವಿಮಾನದಲ್ಲಿ ಕುಳಿತ ಇಬ್ಬರಿಗಾದರೋ ತಮ್ಮ ರೆಕ್ಕೆಯ ಅಂಟನ್ನು ದೂರದ ಯಾವ ಕಾರ್ಖಾನೆಯಲ್ಲಿ ಯಾವ ಆತುರದಲ್ಲಿ ಬಳಿದರೆಂದು ತಿಳಿಯುವ ಮಾರ್ಗವಿರಲಿಲ್ಲ. ಉಷ್ಣದೇಶವು ಎಲ್ಲವನ್ನೂ ಕೆಡಿಸುವುದೆಂಬ ಹಳೆಯ ನಂಬಿಕೆಯೊಂದು ಆಗಿನ ಆಂಗ್ಲರಲ್ಲಿತ್ತು. ಮನುಷ್ಯರ ಶೀಲದವರೆಗೂ ಅದನ್ನು ಎಳೆದು ತಂದವರುಂಟು. ಹಾಗಿರುವಾಗ ನಮ್ಮ ಹವೆಯ ಮೇಲೆ ಇನ್ನೊಂದು ಆರೋಪವು ಸುಲಭವಾಗಿ ಕುಳಿತಿತು.

ನೆರಳು ಹಾಕಿದ್ದರೆ ಆ ಅಪಘಾತಗಳು ತಪ್ಪುತ್ತಿದ್ದುವೆ? ನಮಗೆ ಹಾಗೆ ತೋರುವುದಿಲ್ಲ. ಸೂರು ಬಿಸಿಲನ್ನು ತಡೆಯಬಲ್ಲುದು. ಬಂಗಾಳದ ಮಳೆಗಾಲದ ತೇವವನ್ನು ತಡೆಯಲಾರದು. ಸರಿಯಾಗಿ ಕೂಡದ ಎರಡು ಹಲಗೆಗಳನ್ನು ಕೂಡಿಸುವುದಂತೂ ಅದರ ಕೈಯಲ್ಲಿಲ್ಲ. ಆದರೆ ಕಾಯುವುದು, ಆರುವುದು, ನೆನೆಯುವುದು, ಒಣಗುವುದು ಎಂಬ ಪ್ರತಿದಿನದ ಎಳೆದಾಟವನ್ನು ನೆರಳು ಕಡಮೆಮಾಡುತ್ತದೆ. ಗಟ್ಟಿಯಾದ ಬೆಸುಗೆಗೆ ಅದರಿಂದ ಆಯುಸ್ಸು. ಸಡಿಲವಾದ ಬೆಸುಗೆಗೆ ಬಹುಶಃ ಕೆಲವು ವಾರಗಳ ಅವಕಾಶ. ಅಂದು ಮಾಡಿದ ಪರಿಹಾರಗಳೂ ಈ ಎರಡು ಬಗೆಯವೇ. ರೆಕ್ಕೆಯ ಪದರಗಳು ಕೂಡುವ ಗೆರೆಯುದ್ದಕ್ಕೂ ನೀರು ಇಳಿಯದಂತೆ ಪ್ಲೈವುಡ್ಡಿನ ಪಟ್ಟಿಯೊಂದನ್ನು ಅಂಟಿಸಿದರು. ಪೂರ್ವದೇಶದ ಮಸ್ಕಿಟೊಗಳಿಗೆ ಹಸುರು ಬೂದುಬಣ್ಣಗಳನ್ನು ಬಿಟ್ಟು ಬಿಸಿಲನ್ನು ಹಿಂದಕ್ಕೆಸೆಯುವ ಬೆಳ್ಳಿಬಣ್ಣವನ್ನು ಬಳಿದರು. ಮೊದಲ ಮಹಾಯುದ್ಧದ ಕಾವಿಯ ಕೆಲಸವನ್ನು ಈಗ ಅಲ್ಯುಮಿನಿಯಮ್ ಪುಡಿಯು ಮಾಡಿತು.

ಯುದ್ಧ ಮುಗಿದ ಮೇಲೆ ವಿಮಾನಗಳು ಲೋಹದವಾದುವು. ಬೆಂಗಳೂರಿನಲ್ಲಿ ರೂಪಿಸಿ ೧೯೫೧ರಲ್ಲಿ ಹಾರಿಸಿದ ಎಚ್.ಟಿ.-೨ ಎಂಬ ಶಿಕ್ಷಣವಿಮಾನವೂ ಲೋಹದ್ದೇ. ಲೋಹಕ್ಕೆ ಬಿಸಿಲಿನ ಭಯವಿಲ್ಲವೆಂಬ ಭಾವನೆ ಹರಡಿತು, ಇದು ಅರ್ಧಸತ್ಯ. ಚಾಲಕನ ತಲೆಯ ಮೇಲಿನ ಪಾರದರ್ಶಕವಾದ ಗೂಡು ಬೆಳಕನ್ನು ಒಳಕ್ಕೆ ಬಿಟ್ಟು ಕಾವನ್ನು ಹೊರಕ್ಕೆ ಬಿಡದು. ಆ ಪ್ಲಾಸ್ಟಿಕ್ಕಿನಲ್ಲಿ ಕಾಲಕ್ರಮದಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುವುವು. ಚಕ್ರದ ರಬ್ಬರು, ಬಾಗಿಲುಗಳ ಅಂಚುಕಟ್ಟು, ತಂತಿಗಳ ಹೊದಿಕೆ ಎಲ್ಲವೂ ಪೆಡಸಾಗುವುವು. ಸೂಕ್ಷ್ಮ ವಿದ್ಯುದುಪಕರಣಗಳು ಹೆಚ್ಚಿದಂತೆ ಕಾವಿನ ತೊಂದರೆಯೂ ಹೆಚ್ಚಿತು. ಇವೆಲ್ಲಕ್ಕಿಂತ ಮಿಗಿಲಾಗಿ ವಿಮಾನವನ್ನು ದುರಸ್ತಿಮಾಡುವ ಮನುಷ್ಯನಿದ್ದಾನೆ. ಕಾದ ತಗಡಿನ ಮೇಲೆ ಅಂಗೈ ಊರಲಾರದವನು ತಿರುಪನ್ನು ಎಷ್ಟು ಎಚ್ಚರದಿಂದ ಬಿಗಿದಾನು?

ಆದುದರಿಂದ ನಾಲ್ಕು ಗೋಡೆಗಳ ಹ್ಯಾಂಗರಿನ ಜೊತೆಗೆ, ಗೋಡೆಗಳಿಲ್ಲದ ನೆರಳುಮಾಡುಗಳು ಉಷ್ಣದೇಶಗಳ ನಿಲ್ದಾಣಗಳಲ್ಲಿ ಹಬ್ಬಿವೆ. ಇದು ನಮ್ಮ ಮದುವೆಯ ಚಪ್ಪರದ ಜಾತಿಯದು. ಆದರೆ ಕಟ್ಟುವುದು ಅಷ್ಟು ಸುಲಭವಲ್ಲ. ಒಂದೇ ಪದರದ ಕಬ್ಬಿಣದ ತಗಡನ್ನು ತಗ್ಗಾಗಿ ಹೊದಿಸಿದರೆ ತಗಡೇ ಕಾದು ಕೆಳಕ್ಕೆ ಕಾವನ್ನು ಸೂಸುವುದು. ಮಾಡು ಎತ್ತರವಾಗಿರಬೇಕು, ಗಾಳಿ ಪಕ್ಕಗಳಿಂದ ಹಾಯಬೇಕು, ಬಿಸಿಗಾಳಿಗೆ ಮೇಲಕ್ಕೆ ಹೋಗಲು ದಾರಿಯಿರಬೇಕು. ಹೆಣೆದ ಕೃತಕನೂಲಿನ ಬಟ್ಟೆಯಲ್ಲಿ ಆ ದಾರಿ ಕಣ್ಣುಕಣ್ಣಿನಲ್ಲೂ ಇದೆ. ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ತೆರೆದ ಪಕ್ಕದಿಂದ ನುಗ್ಗುವುದರಿಂದ ಉದ್ದನೆಯ ಬದಿಗಳನ್ನು ಉತ್ತರ ದಕ್ಷಿಣಗಳಿಗೆ ತಿರುಗಿಸುವುದು ಮೇಲು. ಎಲ್ಲಕ್ಕಿಂತ ದೊಡ್ಡ ಭಯ ಗಾಳಿಯದು. ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ ಅಗಲವಾದ ಹಗುರ ಮಾಡು ತಾನೇ ಒಂದು ರೆಕ್ಕೆಯಾಗಿ ಮೇಲೇಳಲು ನೋಡುತ್ತದೆ. ವಿಮಾನವು ಯಾವ ನಿಯಮದಿಂದ ಹಾರುವುದೋ ಅದೇ ನಿಯಮ ಇದಕ್ಕೂ ಅನ್ವಯಿಸುತ್ತದೆ. ಕಂಬದ ಬುಡವನ್ನು ಮಾಡಿನ ಭಾರ ಹೊರಲು ಮಾತ್ರವಲ್ಲ, ಮಾಡನ್ನು ಹಿಡಿದು ನಿಲ್ಲಿಸಲೂ ಕಟ್ಟಬೇಕು. ಸೂರು ಕಿತ್ತು ವಿಮಾನದ ಮೇಲೆ ಬಿದ್ದರೆ ಬಿಸಿಲು ಹತ್ತು ವರ್ಷದಲ್ಲಿ ಮಾಡುವ ಹಾನಿ ಒಂದು ನಿಮಿಷದಲ್ಲಿ ಆಗಿಹೋಗುವುದು.

ಇತ್ತ ವಿಮಾನವು ಮತ್ತೆ ಅಂಟಿನ ಕಡೆಗೆ ತಿರುಗಿದೆ. ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಆಮೇಲೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು ೪೫ ಪಾಲು ಇಂಗಾಲದ ನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ವಸ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ರೂಪಿಸಿದ ಹಂಸ ಎಂಬ ಪುಟ್ಟ ವಿಮಾನದ ಒಡಲೂ ಗಾಜಿನ ನಾರು ಮತ್ತು ರಾಳದ್ದು. ರಾಳವು ತೇವವನ್ನು ಹೀರುತ್ತದೆ, ಕಾವಿಗೆ ಮೆದುವಾಗುತ್ತದೆ. ಎರಡೂ ಒಟ್ಟಿಗೆ ಬಂದಾಗ ಅದರ ಬಲವು ಹೆಚ್ಚು ಕುಗ್ಗುತ್ತದೆ. ಇಂಥ ಸಣ್ಣ ವಿಮಾನಗಳು ಬಹುಮಟ್ಟಿಗೆ ಬಿಳಿಯ ಬಣ್ಣದವಾಗಿರುವುದು ಚೆಲುವಿಗಲ್ಲ, ಬಿಸಿಲಿನಲ್ಲಿ ರಾಳದ ಕಾವು ಮಿತಿ ಮೀರದಿರಲೆಂದು. ಆದರೆ ೧೯೪೪ಕ್ಕೂ ಇಂದಿಗೂ ಒಂದು ವ್ಯತ್ಯಾಸವಿದೆ. ಇಂದು ವಿಮಾನವನ್ನು ರೂಪಿಸುವಾಗಲೇ ಮಾದರಿಯ ತುಂಡುಗಳನ್ನು ತೇವದಲ್ಲಿ ನೆನೆಸಿ, ಕಾಯಿಸಿ, ಆ ಸ್ಥಿತಿಯಲ್ಲೇ ಎಳೆದು ಮುರಿದು, ಕಡಮೆಯಾದ ಆ ಬಲವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮುಂದೆ ಬೆಸುಗೆ ಬಿಟ್ಟುಕೊಂಡರೆ ಹವೆಯ ಕಡೆಗೆ ಬೆರಳು ತೋರಿಸಲು ಅವಕಾಶ ಕಡಮೆ. ಹವೆಯ ಪಾಲು ಎಷ್ಟೆಂದು ಮೊದಲೇ ಬರೆದಿಟ್ಟಿರುತ್ತದೆ.

ಯಲಹಂಕದಲ್ಲಿ ೧೯೯೬ರಿಂದ ನಡೆದುಬಂದಿರುವ ವಿಮಾನಪ್ರದರ್ಶನವನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಈಚಿನ ವರ್ಷಗಳಲ್ಲಿ ಅದು ನಡೆದಿರುವುದು ಫೆಬ್ರವರಿಯಲ್ಲಿ. ೪೫ನೆಯ ದಳವು ತನ್ನ ಮರದ ವಿಮಾನಗಳನ್ನು ವಹಿಸಿಕೊಂಡ ತಿಂಗಳೂ ಅದೇ. ಮಧ್ಯಾಹ್ನದ ಹಾರಾಟ ಮುಗಿದ ಮೇಲೆ ಜನರ ಕಣ್ಣು ಇನ್ನೂ ಆಕಾಶದಲ್ಲಿರುವಾಗ, ಕೆಳಗೆ ಇಬ್ಬರು ಮೂವರು ಆಳುಗಳು ಬಟ್ಟೆಯ ಹೊದಿಕೆಯೊಂದನ್ನು ಹೊತ್ತು ಬಂದು, ನಿಂತ ವಿಮಾನದ ಗಾಜಿನ ಗೂಡಿನ ಮೇಲೆ ಹಾಸಿ, ಅದರ ದಾರಗಳನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಿರುತ್ತಾರೆ.